2,14,74,83,647 ಅವಿಭಾಜ್ಯವೆಂದು ತಿಳಿದದ್ದು ಹೇಗೆ

ಹಾಸನದಲ್ಲಿ ಪಿಯು ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವಾಗ ದೊಡ್ಡ ಅವಿಭಾಜ್ಯ ಸಂಖ್ಯೆಗಳ ಪ್ರಸ್ತಾಪ ಬಂದರೆ, ನಾನು ಹಲಗೆಯ ಮೇಲೆ ಬರೆಯುವುದು 2,14,74,83,647 ಎಂಬ ಸಂಖ್ಯೆಯನ್ನು. ಎರಡರ 31ನೇ ಘಾತದಿಂದ ಒಂದನ್ನು ಕಳೆದರೆ ಇದು ಸಿಗುತ್ತದೆ. ಇದು ಅವಿಭಾಜ್ಯವೆಂದು ಲೆಯೊನಾರ್ಡ್ ಆಯ್ಲರ್ 1772ರಲ್ಲಿ ತಿಳಿಸಿದರು. ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಅವರ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಅವರ ದಾರಿಯನ್ನು ಪಿಯು ವಿದ್ಯಾರ್ಥಿಯೂ ಪೂರ್ತಿ ಹಿಂಬಾಲಿಸಬಹುದು ಎಂಬುದೇ ನನಗೆ ಈ ಸಂಖ್ಯೆಯ ಮೇಲಿರುವ ಪ್ರೀತಿಗೆ ಕಾರಣ.

ಯಾವುದೇ ಸಂಖ್ಯೆಯನ್ನು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಇಲ್ಲಿ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ 4,700ಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ. ಅಷ್ಟನ್ನೂ ಕೈಯಲ್ಲಿ ಭಾಗಿಸುವ ಅಗತ್ಯವಿಲ್ಲ. ‘ಭ’ ಎಂಬ ಅವಿಭಾಜ್ಯವು ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ ಎರಡರ 31ನೇ ಘಾತವನ್ನು ‘ಭ’ದಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. 31 ತಾನೇ ಅವಿಭಾಜ್ಯವಾದ್ದರಿಂದ ಅದಕ್ಕಿಂತ ಚಿಕ್ಕ ಯಾವ ಘಾತಕ್ಕೂ ಶೇಷ 1 ಬರಲಾರದು. ಇನ್ನು ಫರ್ಮಾ ಪ್ರಮೇಯದಂತೆ ಎರಡರ (ಭ–1)ನೇ ಘಾತಕ್ಕೂ ಶೇಷ 1 ಬರಲೇಬೇಕಾದ್ದರಿಂದ, ಭ–1 ಎಂಬುದು 31ರ ಅಪವರ್ತ್ಯ. ‘ಭ’ ಬೆಸಸಂಖ್ಯೆಯಾದ್ದರಿಂದ 62ರ ಅಪವರ್ತ್ಯವೂ ಹೌದು. ಜೊತೆಗೆ ಎರಡರ 32ನೇ ಘಾತಕ್ಕೆ, ಅಂದರೆ 16ನೇ ಘಾತದ ವರ್ಗಕ್ಕೆ, ಶೇಷ 2 ಬರುವುದರಿಂದ, ಆ ಶೇಷಗಳ ಲೋಕದಲ್ಲಿ 2 ಒಂದು ವರ್ಗಸಂಖ್ಯೆಯಾಗುತ್ತದೆ. ಹಾಗಾಗಬೇಕಾದರೆ ‘ಭ’ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಎರಡೂ ನಿಬಂಧನೆಗಳನ್ನು ಕೂಡಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಸಂಖ್ಯೆಗಳು ಮಾತ್ರ ಉಳಿದುಕೊಳ್ಳುತ್ತವೆ. ವರ್ಗಮೂಲದೊಳಗೆ ಅಂಥವು, 1ನ್ನು ಮತ್ತು 63ನ್ನು ಬಿಟ್ಟರೆ, 372 ಮಾತ್ರ. ಅವುಗಳಲ್ಲೂ 249ರಂಥವು ಅವಿಭಾಜ್ಯಗಳಲ್ಲ, ಅವನ್ನು ಕೈಬಿಡಬಹುದು. ಉಳಿದ ಯಾವುದೂ ಭಾಗಿಸುವುದಿಲ್ಲ.

ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ 31 ಒಂದುಗಳು. 1970ರ ಆರಂಭದಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ (ಒಂದು ಬಿಟ್ ಧನ–ಋಣ ಚಿಹ್ನೆಗೆ ಹೋಗಿ ಉಳಿಯುವುದು 31) ಎಣಿಸುವ ಹಳೆಯ ಕಂಪ್ಯೂಟರ್ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಹಾಸನದ ವೇಳೆಯಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಈ ಸಂಖ್ಯೆಯನ್ನು ಮುಟ್ಟಿ ಮುಂದೆ ಎಣಿಸಲಾರದೆ ಹೋಗುತ್ತವೆ. ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಸಂಬಂಧವಿರುವುದು ಯಾದೃಚ್ಛಿಕ ಸಂಖ್ಯೆಗಳ ತಯಾರಿಕೆಯಲ್ಲಿ: 16,807ರಿಂದ ಮತ್ತೆ ಮತ್ತೆ ಗುಣಿಸಿ ಪ್ರತಿಸಲವೂ ಈ ಸಂಖ್ಯೆಯಿಂದ ಭಾಗಿಸಿದ ಶೇಷವನ್ನು ಇಟ್ಟುಕೊಂಡರೆ, 1ರಿಂದ 2,14,74,83,646ರವರೆಗಿನ ಪ್ರತಿಯೊಂದು ಸಂಖ್ಯೆಯೂ ಒಮ್ಮೆ ಬಂದ ಮೇಲೆಯೇ ಸರಣಿ ಮರುಕಳಿಸುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಸೆಳೆದಿದೆ. ಎರಡರ 5ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ 31 ಅವಿಭಾಜ್ಯ. 31ನ್ನು ಘಾತವಾಗಿಟ್ಟರೆ ಸಿಗುವ ನಮ್ಮ ಸಂಖ್ಯೆಯೂ ಅವಿಭಾಜ್ಯ. ಆದರೆ ಇದನ್ನೇ ಘಾತವಾಗಿಟ್ಟರೆ ಬರುವ, 64 ಕೋಟಿಗೂ ಹೆಚ್ಚು ಅಂಕಿಗಳ ದೈತ್ಯ ಸಂಖ್ಯೆ ಅವಿಭಾಜ್ಯವಲ್ಲ. 29,52,57,52,66,26,031 ಅದನ್ನು ಭಾಗಿಸುತ್ತದೆ, ಮತ್ತು ಈ ಭಾಜಕವೂ ಮೇಲಿನ ನಿಯಮಕ್ಕೇ ಒಳಪಟ್ಟಿದೆ: ಅದರಿಂದ ಒಂದನ್ನು ಕಳೆದರೆ ನಮ್ಮ ಸಂಖ್ಯೆಯ ಇಮ್ಮಡಿಯ ಸರಿಯಾಗಿ 68,745 ಪಟ್ಟು ಸಿಗುತ್ತದೆ.