ನರ್ಸ್‌ಗಳನ್ನು ಹಿಡಿದಿಟ್ಟುಕೊಳ್ಳೋದು ಹೇಗೆ? ಮೊದಲು ಗೂಟ ಕೀಳಿ

"ನಮ್ಮಲ್ಲಿ ನರ್ಸ್‌ಗಳೇ ನಿಲ್ತಿಲ್ಲ, ಹಿಡಿದಿಟ್ಟುಕೊಳ್ಳೋದು ಹೇಗೆ?" ಆಸ್ಪತ್ರೆ ನಡೆಸುವವರು ಸಿಕ್ಕಲ್ಲೆಲ್ಲ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

'ಹಿಡಿದಿಟ್ಟುಕೊಳ್ಳೋದು' ಅನ್ನೋ ಮಾತೇ ಮೈ ಉರಿಸುತ್ತದೆ. ಅವರೇನು ಕೊಟ್ಟಿಗೆಯ ಎಮ್ಮೆಗಳೇ? ಎಷ್ಟೋ ಕಡೆ ಗೂಟ, ಹಗ್ಗ ಎರಡೂ ಇವೆ ಬಿಡಿ: ಸೇರುವಾಗಲೇ ಒರಿಜಿನಲ್ ಮಾರ್ಕ್ಸ್‌ಕಾರ್ಡು ಬೀರುವಿಗೆ, ಮೇಲೊಂದು, ಇಷ್ಟು ಕಾಲ ಬಿಟ್ಟು ಹೋಗುವುದಿಲ್ಲ ಎಂಬ ಬಾಂಡು. ಬಾಂಡ್ ಮುಗಿದ ಮರುದಿನ ಹುಡುಗಿ ಇರೋದಿಲ್ಲ. 'ಕರುಣೆ, ಗೌರವ' ಮಾತ್ರ ಗೋಡೆಯ ಫ್ರೇಮಿನಲ್ಲಿ ಉಳಿದಿರುತ್ತವೆ.

ಸಂಬಳ ಮುಖ್ಯವೇ. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಿ ಎಂದು, ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ರಚಿಸಿದ ಸಮಿತಿ 2016ರಲ್ಲೇ ಹೇಳಿದೆ. ಅದನ್ನೂ ಕೊಡದವರು ಮುಂದೆ ಓದಬೇಕಿಲ್ಲ.

ಕೊಡುವವರು ಡ್ಯೂಟಿ ರೋಸ್ಟರ್ ತೆಗೆಯಿರಿ. ಸದಾ ಒಬ್ಬ ನರ್ಸ್ ಇರಬೇಕಾದ ಒಂದು ಜಾಗಕ್ಕೆ ದಿನಕ್ಕೆ ಮೂರು ಪಾಳಿ, ವಾರಕ್ಕೆ 21. ಒಬ್ಬರು ಮಾಡುವುದು ಆರು. ಅಂದರೆ ಮೂರೂವರೆ ಜನ. ರಜೆ, ಕಾಯಿಲೆ, ಹೆರಿಗೆಗೆ ಶೇ. 30 ಸೇರಿಸಿದರೆ ನಾಲ್ಕೂವರೆ ದಾಟುತ್ತದೆ. ನೀವು ನೇಮಿಸಿದ್ದು ಮೂವರನ್ನು. ಉಳಿದದ್ದು ಡಬಲ್ ಡ್ಯೂಟಿಯಿಂದ, ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ರದ್ದಾಗುವ ವಾರದ ರಜೆಯಿಂದ ಸರಿದೂಗಬೇಕು. ಎಂಟಕ್ಕೆ ಮುಗಿಯುವ ಪಾಳಿ ಹ್ಯಾಂಡೋವರ್, ಚಾರ್ಟು ಅಂತ ಒಂಬತ್ತಾಗುತ್ತದೆ. ಆ ಒಂದು ಗಂಟೆ ಯಾರ ಲೆಕ್ಕಕ್ಕೂ ಇಲ್ಲ.

ಇನ್ನು ಮೆಮೋ. ಒಂದೇ ಥರ ಕಾಣುವ ಎರಡು ಆಂಪೂಲ್ (ಇಂಜೆಕ್ಷನ್ ಔಷಧದ ಪುಟ್ಟ ಗಾಜಿನ ಸೀಸೆ) ಅಕ್ಕಪಕ್ಕ ಇಟ್ಟವರನ್ನು ಯಾರೂ ಕೇಳುವುದಿಲ್ಲ. ತಪ್ಪಾಯಿತು ಎಂದು ತಾನೇ ಬರೆದುಕೊಟ್ಟವಳಿಗೆ ಮೆಮೋ. ಮುಂದಿನ ಸಲ ಯಾರೂ ಬರೆದುಕೊಡುವುದಿಲ್ಲ. ಆಂಪೂಲ್‌ಗಳು ಮಾತ್ರ ಅಲ್ಲೇ ಇರುತ್ತವೆ. ರೌಂಡ್ಸ್‌ನಲ್ಲಿ ರೋಗಿಯ ಮುಂದೆಯೇ ಗದರುವ ಡಾಕ್ಟರಿಗೆ ಅದೇ ಸಂಜೆ ಯಾರಾದರೂ "ಹೀಗೆ ಮಾಡಬೇಡಿ" ಅಂದರೇ? ಇಡೀ ವಾರ್ಡು ಅದನ್ನೇ ನೋಡುತ್ತಿರುತ್ತದೆ.

ಯಾರೂ ಕೇಳದ ಪ್ರಶ್ನೆ: ಉಳಿದವರು ಯಾಕೆ ಉಳಿದರು? ಅಮೆರಿಕದಲ್ಲಿ ಕೇಳಿದ್ದರು. ನರ್ಸ್‌ಗಳ ಬರವಿದ್ದ ಕಾಲದಲ್ಲೂ ನರ್ಸ್‌ಗಳು ನಿಂತ 41 ಆಸ್ಪತ್ರೆಗಳನ್ನು ಆರಿಸಿ ನೋಡಿ, 1983ರಲ್ಲಿ ವರದಿ ತಂದರು. ಅವಕ್ಕೆ 'ಮ್ಯಾಗ್ನೆಟ್' ಎಂದು ಹೆಸರಾಯಿತು. ಅಲ್ಲಿ ಕಂಡದ್ದು ಕೈಗೆ ಸಿಗುವ ನರ್ಸಿಂಗ್ ಮುಖ್ಯಸ್ಥರು, ಸಾಕಷ್ಟು ಜನ, ತನ್ನ ಕೆಲಸದಲ್ಲಿ ತಾನೇ ನಿರ್ಧರಿಸುವ ಅಧಿಕಾರ.

"ನಮ್ಮ ಎಕ್ಸಿಟ್ ಫಾರ್ಮಿನಲ್ಲಿ ಎಲ್ಲರೂ 'ವೈಯಕ್ತಿಕ ಕಾರಣ' ಅಂತಲೇ ಬರೀತಾರಲ್ಲ?" ಬರೆಯದೆ ಏನು ಮಾಡುತ್ತಾರೆ ಸ್ವಾಮಿ, ಅನುಭವ ಪತ್ರಕ್ಕೆ ಸಹಿ ಹಾಕಬೇಕಾದವರು ನೀವೇ. ಪತ್ರ ಕೈಸೇರಿ ಮೂರು ತಿಂಗಳಾದ ಮೇಲೆ ಫೋನ್ ಮಾಡಿ ಕೇಳಿ.