ಕತ್ತರಿ ಮತ್ತು ಕವಳಿ

ಸಂಜೆ ತಂಗಿ ಸ್ಕಾಟ್ಲೆಂಡಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಕೈಯಲ್ಲಿ ದೊಡ್ಡ ಕತ್ತರಿ. ಹಿತ್ತಲಿನ ಬ್ಲ್ಯಾಕ್‌ಕರಂಟ್ ಗಿಡದ ದಪ್ಪ, ಕಪ್ಪಗಾದ ಕೊಂಬೆಗಳನ್ನೇ ಹುಡುಕಿ ಬುಡಕ್ಕೇ ಕತ್ತರಿಸುತ್ತಿದ್ದಳು.

ಎಲೆಯಡಿಕೆ ಕವಳ ಹಾಕುತ್ತ ಕೂತಿದ್ದ ಆಯಿಗೆ ಗಾಬರಿ. "ಹಣ್ಣು ಬಿಡೋ ಗಿಡ, ಎಂತಕ್ಕೆ ಕಡಿತೆ ಮಾರಾಯ್ತಿ?"

ಹಣ್ಣು ಜಾಸ್ತಿ ಬಿಡುವುದು ಹೋದ ವರ್ಷ ಚಿಗುರಿದ ಎಳೆ ಕೊಂಬೆಯಲ್ಲಂತೆ. ಅದಕ್ಕೇ ಪ್ರತಿ ಚಳಿಗಾಲ ಮೂರರಲ್ಲೊಂದು ಪಾಲು ಹಳೇ ಕೊಂಬೆ ತೆಗೆಯಬೇಕು. ನೆಡುವಾಗಲೂ ಕುಂಡದಲ್ಲಿ ಇದ್ದದ್ದಕ್ಕಿಂತ 2 ಇಂಚು ಆಳಕ್ಕೆ ಹೂಳಬೇಕಂತೆ, ಬುಡದಿಂದ ಹೊಸ ಚಿಗುರು ಬರಲಿ ಅಂತ.

ನನಗೂ ಒಂದು ಗಿಡ ಬೇಕು ಅಂದೆ. ನಕ್ಕಳು. ತಿಂಗಳುಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಮೊಗ್ಗೇ ಸರಿಯಾಗಿ ಒಡೆಯುವುದಿಲ್ಲ. ಶಿರಸಿಯ ಜನವರಿಗೆ ನಾವು ಕಂಬಳಿ ಹೊದೆಯುತ್ತೇವೆ, ಆ ಗಿಡಕ್ಕೆ ಅದು ಸೆಕೆಯೇ ಇರಬೇಕು!

ಫೋನಿಟ್ಟ ಮೇಲೆ ಸುಮ್ನೆ ಬೆಟ್ಟದ ಕಡೆ ಹೋದೆ. ನಮ್ಮ ಕವಳಿ ಮಟ್ಟಿ, ಅಂದರೆ ಕಾಡು ಕರಂಡೆಯ ಪೊದೆ, ಹಾಗೇ ನಿಂತಿತ್ತು. ಯಾರೂ ನೆಟ್ಟಿದ್ದಲ್ಲ, ನೀರು ಹಾಕಿದ್ದಲ್ಲ, ಸವರಿದ್ದಂತೂ ಇಲ್ಲವೇ ಇಲ್ಲ. ಆದರೂ ಮೇ ತಿಂಗಳಲ್ಲಿ ಕಪ್ಪು ಹಣ್ಣು. ಕೆಲವು ಗಿಡಕ್ಕೆ ತಂಟೆಗೆ ಹೋಗದೆ ಇರುವುದೇ ಆರೈಕೆ, ಅಲ್ವಾ?

ಹೀಗೆ ಯೋಚಿಸುತ್ತ ಕೈ ಚಾಚಿದೆ. ಮುಳ್ಳು ಚುಚ್ಚಿತು.

ವಾಪಸ್ ಬಂದರೆ ಆಯಿ ಇನ್ನೂ ಜಗಲಿಯಲ್ಲಿ ಕೂತು ತಂಗಿ ಕಡಿದ ಕೊಂಬೆಗಳ ಲೆಕ್ಕ ಹಾಕುತ್ತಿದ್ದಳು.