ಗೌರವಧನ ಏರಿದ ದಿನ ನಾವು ಗಂಟೆ ಎಣಿಸಲಿಲ್ಲ

ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ ನಾನು. ಹದಿನಾಲ್ಕು ವರ್ಷವಾಯಿತು. ಪ್ರತಿ ವರ್ಷವೂ ಅರ್ಜಿ, ಪ್ರತಿ ವರ್ಷವೂ ಕೌನ್ಸೆಲಿಂಗ್, ಪ್ರತಿ ವರ್ಷವೂ ಕೆಲಸದಿಂದ ಬಿಡುಗಡೆ. ಅತಿಥಿ ಉಪನ್ಯಾಸಕರ ಸಂಘದ ತಾಲ್ಲೂಕು ಘಟಕದ ಪರವಾಗಿ ಎರಡು ಮುಷ್ಕರಗಳಲ್ಲಿ ಓಡಾಡಿದ್ದೇನೆ. ನಾವು ಎಲ್ಲಿ ಎಡವಿದೆವು ಎಂಬುದು ಈಗ ಹೊಸದಾಗಿ ಸಂಘಕ್ಕೆ ಬರುತ್ತಿರುವ ಕಿರಿಯರಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ತರಗತಿ ಬಹಿಷ್ಕರಿಸಿ ಹೊರಬಂದಾಗ ನೆಟ್, ಸ್ಲೆಟ್ (ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಗಳು) ಅಥವಾ ಪಿಎಚ್‌.ಡಿ. ಇದ್ದವರಿಗೆ ತಿಂಗಳಿಗೆ 13 ಸಾವಿರ ರೂಪಾಯಿ, ಇಲ್ಲದವರಿಗೆ 11 ಸಾವಿರ. ಅದೂ ತಿಂಗಳು ತಿಂಗಳಿಗೆ ಕೈಸೇರುತ್ತಿರಲಿಲ್ಲ. ಮನೆ ಬಾಡಿಗೆಗೆ ಸಾಲ ಮಾಡಿಕೊಂಡಿದ್ದ ನಮ್ಮೆಲ್ಲರ ಕಣ್ಣು ಒಂದೇ ಅಂಕಿಯ ಮೇಲಿತ್ತು. ಸಂಕ್ರಾಂತಿಯ ಹೊತ್ತಿಗೆ ಸರ್ಕಾರದ ಘೋಷಣೆ ಬಂತು. ಅರ್ಹತೆಯ ಜೊತೆಗೆ ಐದು ವರ್ಷ ಮೀರಿದ ಸೇವೆ ಇದ್ದರೆ 32 ಸಾವಿರ, ಸೇವೆ ಕಡಿಮೆಯಿದ್ದರೆ 30 ಸಾವಿರ. ಅರ್ಹತೆ ಇಲ್ಲದವರಿಗೆ 28 ಮತ್ತು 26 ಸಾವಿರ. ವಿಭಾಗದಲ್ಲಿ ಎಳ್ಳುಬೆಲ್ಲ ಹಂಚಿಕೊಂಡೆವು. ಅದೇ ಘೋಷಣೆಯಲ್ಲಿ ಇನ್ನೊಂದು ಸಾಲಿತ್ತು: ವಾರದ ಕಾರ್ಯಭಾರ, ಅಂದರೆ ಪಾಠದ ಅವಧಿ, ಎಂಟು–ಹತ್ತು ಗಂಟೆಯಿಂದ 15 ಗಂಟೆಗೆ. ದುಡಿಯಲು ಹೆದರುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಾಗಾಗಿಯೇ ಆ ಸಾಲಿನ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಲೆಕ್ಕ ಹಾಕಿದ್ದು ಪ್ರಾಂಶುಪಾಲರ ಕೊಠಡಿಯಲ್ಲಿ. ವೇಳಾಪಟ್ಟಿಯ ದೊಡ್ಡ ಹಾಳೆ ಮೇಜಿನ ಮೇಲೆ ಹರಡಿತ್ತು. ಇತಿಹಾಸದಲ್ಲಿ ಅತಿಥಿಗಳ ಪಾಲಿಗೆ ಬರುತ್ತಿದ್ದದ್ದು ವಾರಕ್ಕೆ 45 ಗಂಟೆ. ತಲಾ ಒಂಬತ್ತರಂತೆ ಐವರು ಹಂಚಿಕೊಂಡಿದ್ದೆವು. ಹದಿನೈದರಂತೆ ಭಾಗಿಸಿದರೆ ಮೂವರಿಗೆ ಮುಗಿಯಿತು. ಪ್ರಾಂಶುಪಾಲರು ಮೂರು ಹೆಸರಿನ ಪಕ್ಕ ಪೆನ್ಸಿಲಿನಿಂದ ಗುರುತು ಹಾಕಿದರು, ನಾಲ್ಕನೆಯದರ ಬಳಿ ಬಂದಾಗ ಪೆನ್ಸಿಲನ್ನು ಕೆಳಗಿಟ್ಟು ಕನ್ನಡಕ ತೆಗೆದು ಒರೆಸತೊಡಗಿದರು. ಹೊರಗುಳಿದ ಇಬ್ಬರಲ್ಲಿ ಒಬ್ಬರು ನಮ್ಮ ಧರಣಿಗೆ ಶಾಮಿಯಾನ ಹಾಕಿಸಿದವರು. ಅದರ ಬಾಡಿಗೆಯನ್ನು ತಮ್ಮ ಕೈಯಿಂದಲೇ ಕೊಟ್ಟಿದ್ದರು. ಘಟಕ ಅದನ್ನು ಇನ್ನೂ ಅವರಿಗೆ ಹಿಂದಿರುಗಿಸಿರಲಿಲ್ಲ. ನನ್ನ ಹೆಸರು ಮೂರನೆಯದು. ಅಂದು ಅವರ ಮುಖ ನೋಡಲು ನನ್ನಿಂದಾಗಲಿಲ್ಲ.

ಗೌರವಧನ ಹೆಚ್ಚಿಸುವುದರ ಜೊತೆಗೆ ಈಗ ಪಟ್ಟಿಯಲ್ಲಿರುವ ಯಾರನ್ನೂ ಕೈಬಿಡಬಾರದು, ಹೊಸ ಕಾರ್ಯಭಾರ ಬಂದಂತೆ ಮಾತ್ರ ಗಂಟೆ ಏರಲಿ ಎಂದು ಸರ್ಕಾರದ ಜೊತೆಗಿನ ಮಾತುಕತೆಯಲ್ಲೇ ಕೇಳಬೇಕಾಗಿತ್ತು. ಅಂಕಿ ಕೇಳಿದೊಡನೆ ಎದ್ದು ಬಂದೆವು. ಆಮೇಲೆ ಕೊಟ್ಟ ಮನವಿಪತ್ರಗಳಿಗೆ ಸ್ವೀಕೃತಿಯ ಮೊಹರು ಬಿತ್ತು, ಅಷ್ಟೇ.

ಇನ್ನೊಂದು ತಪ್ಪು ಖಾಯಮಾತಿಯ ವಿಷಯದ್ದು. ಸಭೆಗಳಲ್ಲಿ ಘೋಷಣೆ ಕೂಗುವಾಗ ಆ ಒಂದು ಪದಕ್ಕೆ ಸಿಗುವ ಚಪ್ಪಾಳೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಅಧಿಕಾರಿಗಳೆದುರು ಕುಳಿತಾಗ ಅವರು ಹೇಳಿದ್ದು ಒಂದೇ ಮಾತು: ‘ಉಮಾದೇವಿ ಪ್ರಕರಣ ಇದೆಯಲ್ಲ.’ ಅಲ್ಲಿಗೆ ನಮ್ಮ ಬಾಯಿ ಕಟ್ಟಿತು. ಕರ್ನಾಟಕದಿಂದಲೇ ಹೋದ ಆ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನೇಮಕಾತಿ ನಿಯಮದ ಹಾದಿಯಲ್ಲಿ ಬಾರದ ತಾತ್ಕಾಲಿಕ ನೌಕರರು ಖಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲ ಎಂದಿತು. ಹತ್ತು ವರ್ಷ ಮೀರಿ ದುಡಿದ ಕೆಲವರನ್ನು ಒಂದು ಬಾರಿಗೆ ಪರಿಗಣಿಸಲು 53ನೆಯ ಪ್ಯಾರಾ ಅವಕಾಶ ಕೊಟ್ಟಿದೆ ಎಂಬುದು ನಮಗೆ ಗೊತ್ತಾದದ್ದು ಊರಿಗೆ ಮರಳಿ ತೀರ್ಪನ್ನು ಓದಿದ ಮೇಲೆ. ಅದು ನಮಗೆ ಅನ್ವಯಿಸುತ್ತದೆಯೇ ಎಂಬುದು ವಕೀಲರ ವಾದದ ವಿಷಯ. ಆದರೆ ಓದಿಕೊಂಡು ಹೋಗಿದ್ದರೆ ಅಂದಿನ ಮಾತುಕತೆ ಹಾಗೆ ಐದು ನಿಮಿಷಕ್ಕೆ ಮುಗಿಯುತ್ತಿರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ (ಯುಜಿಸಿ) 2019ರಲ್ಲಿ ಅತಿಥಿ ಬೋಧಕರಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50 ಸಾವಿರ ಎಂದು ನಿಗದಿ ಮಾಡಿದ್ದನ್ನೂ ನಾವು ಆ ದಿನ ಎತ್ತಲಿಲ್ಲ.

2023ರ ನವೆಂಬರ್‌ನಲ್ಲಿ ಮತ್ತೆ ಬಹಿಷ್ಕಾರಕ್ಕಿಳಿದಾಗ ಸ್ವಲ್ಪ ಬುದ್ಧಿ ಬಂದಿತ್ತು. ಖಾಯಮಾತಿಯ ಬೇಡಿಕೆಯನ್ನು ಬಿಡದೆಯೇ ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇಡಿಕೆಗಳನ್ನು ಇಟ್ಟೆವು. ವರ್ಷಾಂತ್ಯಕ್ಕೆ ಸರ್ಕಾರ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ತುಂಬಿದವರಿಗೆ 5 ಲಕ್ಷದವರೆಗೆ ಇಡುಗಂಟು, ತಿಂಗಳಿಗೊಂದು ವೇತನಸಹಿತ ರಜೆ, ಮಹಿಳೆಯರಿಗೆ ಮೂರು ತಿಂಗಳ ಹೆರಿಗೆ ರಜೆ ಘೋಷಿಸಿತು. ಹೆರಿಗೆಯಾದ ಇಪ್ಪತ್ತನೆಯ ದಿನಕ್ಕೆ ಕೆಲಸ ಹೋಗುವ ಭಯದಿಂದ ತರಗತಿಗೆ ಬಂದಿದ್ದ ಗೆಳತಿಯನ್ನು ಕಂಡವಳು ನಾನು. ಆ ಒಂದು ಸಾಲಿಗೆ ನನ್ನ ಕಣ್ಣು ತುಂಬಿತು. ಆದರೂ ಸೇವಾ ಭದ್ರತೆಯ ಮಾತಿರಲಿಲ್ಲ. 2024ರ ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿನತ್ತ ಪಾದಯಾತ್ರೆ ಹೊರಟದ್ದು ಅದಕ್ಕಾಗಿಯೇ.

ಸೇವಾವಧಿಯ ಮೇಲೆ ಹೆಚ್ಚಳ ಎಂದಾಗ ನಮ್ಮ ತಾಲ್ಲೂಕಿನ ಹಲವರು ತಮ್ಮ ಮೊದಲ ವರ್ಷಗಳ ದಾಖಲೆ ಹುಡುಕಿಕೊಂಡು ಹಳೆಯ ಕಾಲೇಜುಗಳಿಗೆ ಅಲೆದರು. ಹಾಜರಾತಿ ಪುಸ್ತಕ ಸಿಗದೆ ಒಬ್ಬರು ಎರಡು ವರ್ಷದ ಸೇವೆಯನ್ನೇ ಕಳೆದುಕೊಂಡರು. ಹಾಗಾಗಿ ಈಗ ನಮ್ಮ ಘಟಕದಲ್ಲಿ ಸದಸ್ಯತ್ವದ ಚೀಟಿಯ ಜೊತೆಗೆ ಒಂದು ಕಡತವನ್ನೂ ಕೊಡುತ್ತೇವೆ. ಪ್ರತಿ ವರ್ಷ ಬಿಡುಗಡೆಯಾಗುವ ದಿನವೇ ಪ್ರಾಂಶುಪಾಲರ ಸಹಿ ಮತ್ತು ಮೊಹರಿರುವ ಸೇವಾ ಪ್ರಮಾಣಪತ್ರ ಪಡೆದು ಅದರಲ್ಲಿಡಬೇಕು. ವಾರಕ್ಕೆ ಎಷ್ಟು ಗಂಟೆಯ ಕಾರ್ಯಭಾರ ಇತ್ತೆಂಬುದೂ ಅದರಲ್ಲಿ ನಮೂದಾಗಿರಬೇಕು.